ಡಂಗುರ ಸಾರುವ ಬೀದಿ ಯಾರದು?

ಹಿಂದೆ ನಮ್ಮ ಹಳ್ಳಿಗಳಲ್ಲಿ ಸರ್ಕಾರದ ಆಜ್ಞೆಯನ್ನಾಗಲಿ, ಊರ ಹಿರಿಯರ ತೀರ್ಮಾನವನ್ನಾಗಲಿ ಜನರಿಗೆ ತಿಳಿಸಬೇಕಾದಾಗ ತಮಟೆಯ ಸದ್ದು ಕೇಳಿಬರುತ್ತಿತ್ತು. ಕಂದಾಯ ಕಟ್ಟುವ ಗಡುವು, ಕೆರೆಯ ನೀರು ಬಿಡುವ ದಿನ, ದನಗಳಿಗೆ ಚುಚ್ಚುಮದ್ದು ಹಾಕುವ ಸಂಗತಿ ಇವೆಲ್ಲವನ್ನೂ ಬೀದಿಬೀದಿಯಲ್ಲಿ ಸಾರಲಾಗುತ್ತಿತ್ತು. ಯಾರು ಬಾಗಿಲು ತೆರೆದು ಕೇಳಿದರು, ಯಾರು ಅರ್ಧಕ್ಕೇ ಒಳಗೆ ಹೋದರು ಎಂದು ಡಂಗುರದವನು ಬರೆದುಕೊಳ್ಳುತ್ತಿರಲಿಲ್ಲ. ನಡುವೆ ನಿಲ್ಲಿಸಿ ಸೋಪಿನ ಗುಣಗಾನ ಮಾಡುತ್ತಿರಲಿಲ್ಲ. ಅವನು ನಿಂತು ಸಾರುತ್ತಿದ್ದ ಬೀದಿ ಊರಿಗೆ ಸೇರಿದ್ದಾಗಿತ್ತು.

ಇತ್ತೀಚೆಗೆ ಮನೆಭೇಟಿಗೆಂದು ಹೋದಾಗ ಒಂದು ಕುಟುಂಬದ ಹಿರಿಯರು ಮೊಮ್ಮಗನ ಮೊಬೈಲಿನಲ್ಲಿ ನಾಯಕರೊಬ್ಬರ ಭಾಷಣವನ್ನು ಯೂಟ್ಯೂಬ್ ಮೂಲಕ ಆಲಿಸುತ್ತಿದ್ದುದನ್ನು ಕಂಡೆವು. ಪಿಂಚಣಿಯ ವಿಷಯ ಬರುವ ಹೊತ್ತಿಗೆ ಸರಿಯಾಗಿ ಚಿನ್ನದ ಸಾಲದ ಜಾಹೀರಾತು ಅಡ್ಡಬಂದಿತು. ಭಾಷಣ ಮುಗಿದೊಡನೆ, ಯಾರೂ ಕೇಳದಿದ್ದರೂ, ಕಿರುಚಾಟದ ಇನ್ನೊಂದು ಚರ್ಚೆ ತಾನಾಗಿಯೇ ಆರಂಭವಾಯಿತು. “ಇದೂ ಸರ್ಕಾರದ್ದೇನಾ, ಫಾದರ್?” ಎಂದು ಅವರು ಕೇಳಿದರು. ಮುಗ್ಧವೆಂದು ತೋರುವ ಈ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕಲಾರೆವು. ಆಳುವವರು ಪ್ರಜೆಗಳೊಡನೆ ಮಾತನಾಡಲು ಲಾಭದ ಉದ್ದೇಶದಿಂದ ನಡೆಯುವ ಖಾಸಗಿ ತಾಣವನ್ನು ಬಳಸುವುದು ಸರಿಯೇ?

ಈ ಪ್ರಶ್ನೆ ಮೊದಲು ಸ್ಪಷ್ಟವಾಗಿ ಎದ್ದದ್ದು ಅಮೆರಿಕದಲ್ಲಿ. 2008ರ ನವೆಂಬರ್ 15ರಂದು, ಚುನಾಯಿತರಾಗಿದ್ದರೂ ಇನ್ನೂ ಪ್ರಮಾಣವಚನ ಸ್ವೀಕರಿಸದಿದ್ದ ಬರಾಕ್ ಒಬಾಮ ತಮ್ಮ ವಾರದ ಭಾಷಣವನ್ನು ಯೂಟ್ಯೂಬ್‌ನಲ್ಲಿ ಪ್ರಕಟಿಸಿದರು. 2005ರಲ್ಲಿ ಹುಟ್ಟಿದ ಆ ತಾಣವನ್ನು ಮರುವರ್ಷವೇ ಗೂಗಲ್ ಸಂಸ್ಥೆ ಕೊಂಡುಕೊಂಡಿತ್ತು. 2009ರ ಜನವರಿಯಲ್ಲಿ ಒಬಾಮ ಅಧಿಕಾರ ವಹಿಸಿಕೊಂಡಾಗ ಶ್ವೇತಭವನದ ಅಧಿಕೃತ ಜಾಲತಾಣದಲ್ಲಿಯೂ ಅದೇ ವಿಡಿಯೊಗಳು ಕಾಣಿಸಿಕೊಂಡವು. ಸರ್ಕಾರಿ ತಾಣಗಳಿಗೆ ಭೇಟಿ ಕೊಡುವವರ ಜಾಡು ಹಿಡಿಯುವ ‘ಕುಕಿ’ ಎಂಬ ಗುರುತಿನ ಕಡತಗಳ ಬಳಕೆಯನ್ನು ಅಲ್ಲಿಯ ಸರ್ಕಾರ 2000ದಲ್ಲಿಯೇ ನಿರ್ಬಂಧಿಸಿತ್ತು. ಈ ವಿಡಿಯೊಗಳಿಗಾಗಿ ಆ ನಿರ್ಬಂಧಕ್ಕೆ ವಿನಾಯಿತಿ ನೀಡಲಾಯಿತು. ಖಾಸಗಿತನದ ಪರವಾಗಿದ್ದವರು ಆಕ್ಷೇಪವೆತ್ತಿದ ನಂತರ, ಪುಟವನ್ನು ತೆರೆದ ಮಾತ್ರಕ್ಕೆ ಗುರುತು ಬೀಳದಂತೆ ಏರ್ಪಾಟನ್ನು ಬದಲಿಸಲಾಯಿತು. ತನ್ನ ಅಧ್ಯಕ್ಷನ ಮಾತನ್ನು ಕೇಳಬಯಸುವ ಪ್ರಜೆ ಅದಕ್ಕಾಗಿ ಒಂದು ವ್ಯಾಪಾರಿ ಸಂಸ್ಥೆಗೆ ತನ್ನ ಗುರುತನ್ನು ಏಕೆ ಒಪ್ಪಿಸಬೇಕು ಎಂಬುದೇ ಆಕ್ಷೇಪದ ತಿರುಳಾಗಿತ್ತು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತು ದುರ್ಬಲವೇನಲ್ಲ. 1933ರ ಮಾರ್ಚ್ 12ರ ರಾತ್ರಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾನುಲಿಯ ಮೂಲಕ ತಮ್ಮ ಜನರೊಡನೆ ಮಾತನಾಡಿ, ದೇಶದ ಬ್ಯಾಂಕುಗಳನ್ನು ಏಕೆ ಮುಚ್ಚಬೇಕಾಯಿತು, ಹೇಗೆ ತೆರೆಯಲಾಗುವುದು ಎಂಬುದನ್ನು ಸಾಮಾನ್ಯನಿಗೂ ತಿಳಿಯುವಂತೆ ವಿವರಿಸಿದರು. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನರು ಹಣ ಹಿಂತೆಗೆಯಲು ಮುಗಿಬೀಳದೆ, ಮನೆಯಲ್ಲಿ ಅಡಗಿಸಿಟ್ಟಿದ್ದುದನ್ನು ಮರಳಿ ತಂದು ಕಟ್ಟಿದರು. ಆ ಮಾತನ್ನು ಹೊತ್ತು ತಂದದ್ದು ಜಾಹೀರಾತಿನಿಂದ ಬದುಕುವ ಖಾಸಗಿ ಬಾನುಲಿ ಸಂಸ್ಥೆಗಳೇ. ನೀವು ಓದುತ್ತಿರುವ ಈ ಪತ್ರಿಕೆಯೂ ಜಾಹೀರಾತಿಲ್ಲದೆ ನಡೆಯದು. ಹಾಗಿರುವಾಗ ವಿಡಿಯೊ ತಾಣವೊಂದನ್ನೇ ದೂಷಿಸುವುದೇಕೆ?

ವ್ಯತ್ಯಾಸವಿದೆ. ಬಾನುಲಿಗೆ ತನ್ನನ್ನು ಕೇಳುತ್ತಿರುವವರು ಯಾರೆಂಬುದು ತಿಳಿದಿರಲಿಲ್ಲ. ಪತ್ರಿಕೆಗೂ ನೀವು ಯಾವ ಸಾಲಿನಲ್ಲಿ ತಡೆದು ನಿಂತಿರೆಂಬುದು ತಿಳಿಯದು. ವಿಡಿಯೊ ತಾಣವಾದರೋ ನಾವು ಏನನ್ನು ನೋಡಿದೆವು, ಎಷ್ಟು ಹೊತ್ತು ನೋಡಿದೆವು ಎಂಬುದನ್ನು ದಾಖಲಿಸಿಕೊಂಡು, ಅದರ ಆಧಾರದ ಮೇಲೆ ಮುಂದೇನು ತೋರಿಸಬೇಕೆಂದು ನಿರ್ಧರಿಸುತ್ತದೆ. ಅಲ್ಲದೆ, ಅಮೆರಿಕದ ಬಾನುಲಿ ಕೇಂದ್ರಗಳು ಸಾರ್ವಜನಿಕ ಹಿತದ ಷರತ್ತಿಗೊಳಪಟ್ಟ ಪರವಾನಗಿಯ ಮೇಲೆ ನಡೆಯುತ್ತಿದ್ದವು. ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ ಅವನ ಎದುರಾಳಿಗೂ ಸಮಾನ ಅವಕಾಶ ಕೊಡಬೇಕೆಂದು 1934ರ ಸಂವಹನ ಕಾಯ್ದೆ ವಿಧಿಸಿತ್ತು. ವಿಡಿಯೊ ತಾಣಕ್ಕೆ ಅಂತಹ ಕಟ್ಟುಪಾಡಿಲ್ಲ. 2021ರ ಜನವರಿಯಲ್ಲಿ ಅಮೆರಿಕದ ಸಂಸತ್ ಭವನದ ಮೇಲೆ ದಾಳಿಯಾದ ಬಳಿಕ, ಇನ್ನೂ ಅಧಿಕಾರದಲ್ಲಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ವಾಹಿನಿಯನ್ನು ಯೂಟ್ಯೂಬ್ ತಡೆಹಿಡಿಯಿತು. 2023ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು. ಆ ಕ್ರಮ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬೀದಿಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಹಾಗೆಂದು ಎಲ್ಲವೂ ಸರ್ಕಾರದ ಕೈಯಲ್ಲಿಯೇ ಇರಲಿ ಎಂದು ನಾವು ಹೇಳುತ್ತಿಲ್ಲ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ನಮ್ಮ ಆಕಾಶವಾಣಿ ಆಳುವವರ ವಾಣಿಯಾಗಿ ಕುಗ್ಗಿದ್ದನ್ನು ಹಿರಿಯ ಓದುಗರು ಮರೆತಿರಲಾರರು. ಆ ಕಹಿ ಅನುಭವದಿಂದಲೇ ಸ್ವಾಯತ್ತ ಪ್ರಸಾರ ಸಂಸ್ಥೆಯ ಬೇಡಿಕೆ ಬಲಗೊಂಡಿತು. ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾದರೂ ಜಾರಿಗೆ ಬರಲು 1997ರವರೆಗೆ ಕಾಯಬೇಕಾಯಿತು. ಸರ್ಕಾರಿ ಮಾಧ್ಯಮದಲ್ಲಿ ಅವಕಾಶ ದೊರೆಯದ ವಿರೋಧ ಪಕ್ಷದವನಿಗೆ, ಹಳ್ಳಿಯ ಹೋರಾಟಗಾರನಿಗೆ ವಿಡಿಯೊ ತಾಣ ಒಂದು ಆಸರೆಯಾಗಿದೆ ಎಂಬುದನ್ನು ನ್ಯಾಯವಾಗಿ ಒಪ್ಪಲೇಬೇಕು.

ಆದುದರಿಂದ ಇಲ್ಲಿ ವಿವೇಚನೆ ಅಗತ್ಯ. ಕಾನೂನು ಎಂದರೇನು ಎಂಬುದನ್ನು ನಿರೂಪಿಸುವಾಗ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ನಾಲ್ಕು ಲಕ್ಷಣಗಳನ್ನು ಗುರುತಿಸಿದರು. ಅದು ವಿವೇಕದ ವಿಧಿಯಾಗಿರಬೇಕು, ಸರ್ವರ ಹಿತಕ್ಕಾಗಿರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬರಬೇಕು, ಮತ್ತು ಅದನ್ನು ಜನರಿಗೆ ಸಾರಿರಬೇಕು. ಸಾರುವಿಕೆ ಕಾನೂನಿಗೆ ಆಮೇಲೆ ಸೇರಿಸುವ ಅಲಂಕಾರವಲ್ಲ, ಅದರ ಸ್ವರೂಪಕ್ಕೇ ಸೇರಿದ್ದು ಎಂಬುದು ಈ ಚಿಂತನೆಯ ಹಿರಿಮೆ. ಹಾಗಾದರೆ ಆಳುವವರ ಮಾತು ತಿಳಿಯುವುದು ಪ್ರಜೆಗೆ ಸಲ್ಲಬೇಕಾದ ಋಣ; ಅವನು ಕೊಂಡುಕೊಳ್ಳುವ ಸರಕಲ್ಲ. ಹಣದ ರೂಪದಲ್ಲಾಗಲಿ, ಖಾಸಗಿತನದ ರೂಪದಲ್ಲಾಗಲಿ ಅದಕ್ಕೆ ಬೆಲೆ ತೆರುವಂತಾದರೆ ಪ್ರಜೆ ಗಿರಾಕಿಯಾಗಿಬಿಡುತ್ತಾನೆ.

ನಾಯಕರು ಸಂತೆಗೆ ಹೋಗಿ ಮಾತನಾಡಲಿ, ಜನರಿರುವುದು ಅಲ್ಲಿಯೇ. ಆದರೆ ಸಂತೆಯಲ್ಲಿ ಮಾತ್ರ ಮಾತನಾಡುವುದು ಸಲ್ಲದು. ಸರ್ಕಾರದ ಪ್ರತಿಯೊಂದು ಅಧಿಕೃತ ನುಡಿಯೂ ಮೊದಲು ಸಾರ್ವಜನಿಕರದೇ ಆದ ತಾಣದಲ್ಲಿ, ಜಾಹೀರಾತಿಲ್ಲದೆ, ಯಾರ ಜಾಡನ್ನೂ ಹಿಡಿಯದೆ ದೊರೆಯಬೇಕು. ಮೊಬೈಲಿಲ್ಲದವರಿಗಾಗಿ ಬಾನುಲಿಯಲ್ಲಿಯೂ, ಓದಬಲ್ಲವರಿಗಾಗಿ ಕನ್ನಡದ ಮುದ್ರಿತ ಪಠ್ಯವಾಗಿಯೂ ಸಿಗಬೇಕು. ವಿಡಿಯೊ ತಾಣದಲ್ಲಿರುವುದು ಅದರ ಪ್ರತಿಯಾಗಿರಲಿ. ಇನ್ನೊಂದು ಮಾತು: ಕ್ಯಾಮೆರಾದ ಮುಂದೆ ಒಬ್ಬರೇ ಕುಳಿತು ಹೇಳುವುದು ಉತ್ತರ ಕೊಟ್ಟಂತೆ ಆಗುವುದಿಲ್ಲ. ಶಾಸನಸಭೆಯಲ್ಲಿ ವಿರೋಧ ಪಕ್ಷದವರ, ಪತ್ರಿಕಾಗೋಷ್ಠಿಯಲ್ಲಿ ವರದಿಗಾರರ ಪ್ರಶ್ನೆಗಳನ್ನು ಎದುರಿಸುವ ಹೊಣೆಯಿಂದ ವಿಡಿಯೊ ಯಾರನ್ನೂ ಬಿಡುಗಡೆಗೊಳಿಸದು.

ಈ ಮಾತು ಹೇಳುವಾಗ ನಮ್ಮನ್ನೂ ನಾವು ಪರೀಕ್ಷಿಸಿಕೊಳ್ಳಬೇಕು. ವ್ಯಾಟಿಕನ್ ಕೂಡ 2009ರ ಜನವರಿಯಲ್ಲಿ ಅದೇ ತಾಣದಲ್ಲಿ ತನ್ನ ವಾಹಿನಿಯನ್ನು ಆರಂಭಿಸಿತು. 2020ರಲ್ಲಿ ಸೋಂಕಿನ ಕಾರಣ ದೇವಾಲಯಗಳು ಮುಚ್ಚಿದಾಗ ಬಲಿಪೂಜೆ ನಿಮ್ಮ ಮನೆಗಳನ್ನು ತಲುಪಿದ್ದೂ ಬಹುಮಟ್ಟಿಗೆ ಇಂತಹ ತಾಣಗಳ ಮೂಲಕವೇ. ಅದು ಉಪಕಾರವೇ ಸರಿ. ಆದರೆ ಬಾಗಿಲುಗಳು ಮತ್ತೆ ತೆರೆದಾಗ, ಪರದೆ ದೇವಾಲಯಕ್ಕೆ ಬದಲಿಯಲ್ಲವೆಂದು ನಾವೇ ನಿಮಗೆ ಹೇಳಿದೆವು. ನಾಯಕರಿಗೂ ನಾವು ಹೇಳಬೇಕಾದದ್ದು ಅದನ್ನೇ.

ಆ ಹಿರಿಯರಿಗೆ ಅಂದು ನಾವು, “ಇಲ್ಲ, ಅದು ಸರ್ಕಾರದ್ದಲ್ಲ, ಅಂಗಡಿಯವರದು” ಎಂದಷ್ಟೇ ಉತ್ತರಿಸಿದೆವು. ಪ್ರತಿ ಕುಟುಂಬದಲ್ಲಿಯೂ ಮಕ್ಕಳು ಹಿರಿಯರಿಗೆ ಈ ವ್ಯತ್ಯಾಸವನ್ನು ತೋರಿಸಿಕೊಡಲಿ. ಮತ ಕೇಳಲು ಮನೆಬಾಗಿಲಿಗೆ ಬರುವವರನ್ನು, “ನಿಮ್ಮ ಮಾತಿನ ಅಧಿಕೃತ ಪ್ರತಿ ನಮಗೆ ಎಲ್ಲಿ ಸಿಗುತ್ತದೆ?” ಎಂದು ವಿನಯದಿಂದಲೇ ಕೇಳೋಣ. ಅದನ್ನು ಕೇಳುವ ಹಕ್ಕು ನಮಗಿದೆ.