ನೋಟಿಗಿರುವ ದೀಪ ನೋಟಕ್ಕೂ ಇರಲಿ

ತಿಂಗಳ ಸಂಬಳ ಕೈಗೆ ಬಂದ ವಾರ ಬಹರೈನಿನ ಮನಾಮದ ಹೂರಾ ಬಡಾವಣೆಯಲ್ಲಿ ಊರಿಗೆ ಹಣ ಕಳಿಸುವವರ ಸಾಲು ಉದ್ದವಾಗುತ್ತದೆ. ಹೋಟೆಲಿನ ಅಡುಗೆಯವರು, ಡ್ರೈವರುಗಳು, ಅಂಗಡಿಯ ಹುಡುಗರು ನಿಂತಿರುತ್ತಾರೆ. ನಡುನಡುವೆ ಉಡುಪಿ, ಮಂಗಳೂರು, ಕಾಸರಗೋಡು ಕಡೆಯ ಮಾತು ಕಿವಿಗೆ ಬೀಳುತ್ತದೆ. ಗಾಜಿನಾಚೆ ಕುಳಿತವನಿಗೆ ನೋಟಿನ ಮೇಲೆ ಅನುಮಾನ ಬಂದರೆ ಅದನ್ನು ನೇರಳೆ ದೀಪದಡಿ ಹಿಡಿಯುತ್ತಾನೆ. ಬರಿಗಣ್ಣಿಗೆ ಕಾಣದ ಗುರುತುಗಳು ಹೊಳೆದರೆ ನೋಟು ಅಸಲಿ.

ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊರಚೆಲ್ಲುವ ಈ ಗುಣಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಇದೇ ಗುಣವನ್ನು ವೈದ್ಯರು ದೇಹದೊಳಗೂ ದುಡಿಸಿಕೊಳ್ಳುತ್ತಿದ್ದಾರೆ. ಆದರೆ ನೋಟಿಗೆ ಸಿಗುವ ತಪಾಸಣೆ ಆ ನೋಟನ್ನು ದುಡಿದವನ ಕಣ್ಣಿಗೆ ಸಿಗುತ್ತಿದೆಯೇ?

ಫ್ಲೋರೆಸೀನ್ ಎಂಬ ಹಳದಿ ಬಣ್ಣವನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದರು. ನೀಲಿ ಬೆಳಕು ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಅಮೆರಿಕದ ಇಂಡಿಯಾನಾದಲ್ಲಿ ಓದುತ್ತಿದ್ದ ನೊವೊಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು ವೈದ್ಯ ವಿದ್ಯಾರ್ಥಿಗಳು ಈ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಅದು ಕಣ್ಣಿನ ಹಿಂಪರದೆಯಾದ ರೆಟಿನಾದಲ್ಲಿ ಹರಿಯುವುದನ್ನು ಫೋಟೊ ತೆಗೆದರು. ಕಣ್ಣಿನ ವೈದ್ಯರ ಪತ್ರಿಕೆ ಅವರ ಬರಹವನ್ನು ವಾಪಸು ಕಳಿಸಿತು. ಕೊನೆಗೆ 1961ರಲ್ಲಿ ಅದನ್ನು ಪ್ರಕಟಿಸಿದ್ದು ‘ಸರ್ಕ್ಯುಲೇಶನ್’ ಎಂಬ ಹೃದಯ ವೈದ್ಯರ ಪತ್ರಿಕೆ.

ಇಂದು ಕಣ್ಣಿನ ಆಂಜಿಯೋಗ್ರಾಮ್ ಎಂದು ಕರೆಯುವುದು ಇದನ್ನೇ. ತೋಳಿಗೆ ಚುಚ್ಚಿದ ಬಣ್ಣ ಹತ್ತು ಹದಿನೈದು ಸೆಕೆಂಡಿನಲ್ಲಿ ಕಣ್ಣು ತಲುಪುತ್ತದೆ. ಸಕ್ಕರೆ ಕಾಯಿಲೆ ರಕ್ತನಾಳವನ್ನು ಎಲ್ಲಿ ಜಿನುಗುವಂತೆ ಮಾಡಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ಹೊಸ ದುರ್ಬಲ ನಾಳಗಳು ಮೊಳೆತಿವೆ ಎಂಬುದೆಲ್ಲ ಕಪ್ಪು ಹಿನ್ನೆಲೆಯಲ್ಲಿ ಬೆಳಗುತ್ತದೆ. ಕೆಲವರಿಗೆ ವಾಕರಿಕೆ ಬರುತ್ತದೆ, ಚರ್ಮ ಕೆಲ ಗಂಟೆ ಹಳದಿಯಾಗಿರುತ್ತದೆ, ಮೂತ್ರದ ಬಣ್ಣ ಬದಲಾಗುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಇದು ಆಸ್ಪತ್ರೆಯಲ್ಲೇ ಆಗಬೇಕಾದ ಪರೀಕ್ಷೆ.

ಆಪರೇಷನ್ ಕೋಣೆಯಲ್ಲಿ ಹೆಚ್ಚು ಹೆಸರು ಮಾಡಿರುವುದು ಇಂಡೋಸಯನೈನ್ ಗ್ರೀನ್ ಎಂಬ ಇನ್ನೊಂದು ಬಣ್ಣ. 1950ರ ದಶಕದಲ್ಲಿ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದರ ಹೊಳಪು ಅವಗೆಂಪು ಬೆಳಕಿನಲ್ಲಿರುವುದರಿಂದ ಕಣ್ಣಿಗೆ ಕಾಣದು, ವಿಶೇಷ ಕ್ಯಾಮೆರಾ ಬೇಕು. ಯಕೃತ್ತು ಈ ಬಣ್ಣವನ್ನು ಪಿತ್ತರಸದೊಳಗೆ ಬಿಡುತ್ತದೆ. ಆದ್ದರಿಂದ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವಾಗ ಕೊಬ್ಬಿನ ಹಿಂದೆ ಅಡಗಿದ ಪಿತ್ತನಾಳ ಪರದೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತದೆ. ಆ ನಾಳಕ್ಕೆ ಗಾಯವಾಗುವುದು ಅಪರೂಪ, ಆದರೆ ಒಮ್ಮೆ ಆಯಿತೆಂದರೆ ರೋಗಿ ವರ್ಷಗಟ್ಟಲೆ ನರಳಬೇಕು.

ಮೆದುಳಿನ ಗಡ್ಡೆಗೆ ಬೇರೆ ಉಪಾಯ. 5-ಎಎಲ್‌ಎ ಎಂಬ ದ್ರಾವಣವನ್ನು ಆಪರೇಷನ್‌ಗೆ ಮೊದಲು ಕುಡಿಸಿದರೆ, ನೀಲಿ ಬೆಳಕಿನಲ್ಲಿ ಗ್ಲಯೋಮಾ ಎಂಬ ಮಾರಕ ಗಡ್ಡೆ ಗುಲಾಬಿ ಕೆಂಪಾಗಿ ಕಾಣುತ್ತದೆ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಆರ್‌ಐಗೆ ಕಾಣುವಷ್ಟು ಗಡ್ಡೆಯನ್ನು ಪೂರ್ತಿ ತೆಗೆಯಲಾದದ್ದು ಸಾಮಾನ್ಯ ಬೆಳಕಿನಲ್ಲಿ ನೂರಕ್ಕೆ 36 ಮಂದಿಗೆ. ಈ ಬಣ್ಣ ಬಳಸಿದಾಗ 65 ಮಂದಿಗೆ.

ಎಲ್ಲ ಕಡೆ ಫಲಿತಾಂಶ ಇಷ್ಟು ಸ್ಪಷ್ಟವಿಲ್ಲ. ಕರುಳು ಕತ್ತರಿಸಿ ಮತ್ತೆ ಹೊಲಿಯುವಾಗ ರಕ್ತ ಹರಿಯುತ್ತಿದೆಯೇ ಎಂದು ಇಂಡೋಸಯನೈನ್ ಹಾಕಿ ನೋಡುತ್ತಾರೆ. ಹೊಲಿಗೆ ಸೋರುವುದು ಇದರಿಂದ ಕಡಿಮೆಯಾಯಿತೆಂದು ಜಪಾನಿನ ದೊಡ್ಡ ಅಧ್ಯಯನ ಹೇಳಿತು. ಅಮೆರಿಕದ ಇನ್ನೊಂದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಕೊಂಡ ಆಸ್ಪತ್ರೆ ಅದನ್ನು ಜಾಹೀರಾತಿನ ಫಲಕಕ್ಕೆ ಏರಿಸುವುದು ಸಹಜ. ಆದರೆ ಯಾವ ಆಪರೇಷನ್‌ಗೆ ಅದು ನಿಜಕ್ಕೂ ಬೇಕು ಎಂದು ಕೇಳುವ ಹಕ್ಕು ಬಿಲ್ಲು ಕಟ್ಟುವವನಿಗಿದೆ.

ಕಡಿಮೆ ಖರ್ಚಿನ ದಾರಿಯೂ ಉಂಟು. ಸ್ತನ ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ಕಂಕುಳಿನ ಮೊದಲ ಗ್ರಂಥಿಯನ್ನು ಹುಡುಕಬೇಕು. ಅದಕ್ಕೆ ವಿಕಿರಣದ ಮದ್ದು, ಅದನ್ನು ಪತ್ತೆ ಮಾಡುವ ದುಬಾರಿ ಯಂತ್ರ ಎರಡೂ ಬೇಕಿತ್ತು. ದೆಹಲಿಯ ಏಮ್ಸ್‌ನ ಶಸ್ತ್ರವೈದ್ಯರು ಅದೇ ಹಳೆಯ ಫ್ಲೋರೆಸೀನನ್ನು ಮೆಥಿಲೀನ್ ಬ್ಲೂ ಜೊತೆ ಬಳಸಿ, ನೀಲಿ ಎಲ್‌ಇಡಿ ದೀಪದಲ್ಲಿ ಗ್ರಂಥಿ ಹುಡುಕಬಹುದೆಂದು ತೋರಿಸಿದರು. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳು ಮೊದಲು ನೋಡಬೇಕಾದದ್ದು ಇಂಥ ದಾರಿಗಳನ್ನು.

ಕಣ್ಣಿನ ವಿಷಯಕ್ಕೆ ಮರಳಿದರೆ, ಸಕ್ಕರೆ ಕಾಯಿಲೆ ಹೆಚ್ಚಿರುವ ಪ್ರದೇಶಗಳ ಸಾಲಿನಲ್ಲಿ ಕೊಲ್ಲಿ ದೇಶಗಳು ಮುಂದಿವೆ. ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನ ಊಟ, ದಿನಕ್ಕೆ ನಾಲ್ಕಾರು ಸಲ ಸಕ್ಕರೆ ಹಾಕಿದ ಚಹಾ. ಹೂರಾದ ಹಲವು ದುಡಿಮೆಗಾರರ ದಿನಚರಿ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ. ರೆಟಿನಾ ಹಾಳಾಗುವಾಗ ನೋವಿಲ್ಲ, ಮೊದಮೊದಲು ಮಸುಕೂ ಇಲ್ಲ. ‘ರಜೆಯಲ್ಲಿ ಊರಿಗೆ ಹೋದಾಗ ತೋರಿಸಿದರಾಯಿತು’ ಎಂಬ ಮಾತಿನಲ್ಲೇ ಎರಡು ವರ್ಷ ಕಳೆಯುತ್ತದೆ. ಲೇಸರ್, ಕಣ್ಣಿನೊಳಗಿನ ಇಂಜೆಕ್ಷನ್ ಎರಡೂ ಇವೆ. ಆದರೆ ಅವು ಉಳಿದಿರುವ ದೃಷ್ಟಿಯನ್ನು ಕಾಯುವಷ್ಟು ಸುಲಭವಾಗಿ ಹೋದದ್ದನ್ನು ತಂದುಕೊಡಲಾರವು.

ಹಾಗೆಂದು ಎಲ್ಲರಿಗೂ ಬಣ್ಣ ಚುಚ್ಚಬೇಕಿಲ್ಲ. ಮೊದಲ ಜರಡಿಗೆ ಕಣ್ಣಿನ ಹಿಂಪರದೆಯ ಒಂದು ಸಾದಾ ಫೋಟೊ ಸಾಕು. ತೊಂದರೆ ಕಂಡವರು ಮಾತ್ರ ಆಂಜಿಯೋಗ್ರಾಮ್‌ಗೆ ಹೋದರಾಯಿತು. ದೂರದಿಂದ ಫೋಟೊ ನೋಡಿ ಹೇಳುವ ಪದ್ಧತಿ ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ವೈದ್ಯರು ದೂರದಲ್ಲೇ ಕುಳಿತು ನೋಡುತ್ತಾರೆ. ಎತ್ತಿಕೊಂಡು ಹೋಗಬಹುದಾದ ರೆಟಿನಾ ಕ್ಯಾಮೆರಾವನ್ನು ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿಯೇ ತಯಾರಿಸಿದೆ.

ಬಹರೈನಿನಲ್ಲಿ ಕನ್ನಡ ಸಂಘವಿದೆ, ಕರಾವಳಿಯವರ ಹಲವು ಕೂಟಗಳಿವೆ. ಇಂಥ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವುದು ರೂಢಿ. ಶುಗರ್ ಹೆಚ್ಚಿದೆ ಎಂದು ಚೀಟಿ ಬರೆದುಕೊಡುವ ಮೇಜಿನ ಪಕ್ಕದಲ್ಲೇ ಕ್ಯಾಮೆರಾ ಇಟ್ಟ ಇನ್ನೊಂದು ಮೇಜು ಇರಲಿ. ಫೋಟೊ ನೋಡಲು ಮನಾಮದ ವೈದ್ಯರಾದರೂ ಆದೀತು, ಮಂಗಳೂರಿನವರಾದರೂ ಆದೀತು. ರಜೆಗೆ ಹೊರಡುವವನ ಚೀಲದಲ್ಲಿ ಖರ್ಜೂರದ ಪೊಟ್ಟಣದ ಜೊತೆ ಆ ವರದಿಯೂ ಇದ್ದರೆ, ಊರಿನ ಆಸ್ಪತ್ರೆಯಲ್ಲಿ ಮೊದಲ ದಿನವೇ ಚಿಕಿತ್ಸೆಯ ಮಾತು ಶುರುವಾಗುತ್ತದೆ.