ಕಾದವನ ಎದೆಯ ಮೇಲೆ

ಪದಕ ಎಂದರೆ ನಮಗೆ ಮೊದಲು ನೆನಪಾಗುವುದು ಶೌರ್ಯ. ಗುಂಡಿಗೆ ಎದೆಯೊಡ್ಡಿದವನಿಗೆ ಪದಕ ಕೊಡಬೇಕಾದ್ದೇ. ಆದರೆ ಊರಿನಲ್ಲಿ ಏನೂ ಆಗದಂತೆ ಇಪ್ಪತ್ತೈದು ವರ್ಷ ರಾತ್ರಿ ಗಸ್ತು ತಿರುಗಿದವನಿಗೆ?

ಜರ್ಮನಿಯವರು ಇದಕ್ಕೊಂದು ಲೆಕ್ಕ ಇಟ್ಟಿದ್ದರು. ಹಿಟ್ಲರನ ಸರ್ಕಾರ 1938ರ ಜನವರಿ 30ರಂದು ಪೊಲೀಸರಿಗೆ ದೀರ್ಘ ಸೇವಾ ಪದಕಗಳನ್ನು ಸ್ಥಾಪಿಸಿತು. 8 ವರ್ಷಕ್ಕೆ ಬೆಳ್ಳಿ ಬಣ್ಣದ ದುಂಡು ಪದಕ, 18ಕ್ಕೆ ಬೆಳ್ಳಿ ಬಣ್ಣದ ಶಿಲುಬೆ, 25ಕ್ಕೆ ಚಿನ್ನದ ಬಣ್ಣದ್ದು. ಮರುವರ್ಷ ಗಡಿ ಕಾಯುವ ಸುಂಕದವರಿಗೂ ಒಂದು ಬಂತು. 1945ರಲ್ಲಿ ಆ ಆಡಳಿತ ಬಿತ್ತು. ಸ್ವಸ್ತಿಕ ಹೊತ್ತ ಪದಕವನ್ನು ಧರಿಸುವುದೇ ಅಲ್ಲಿ ನಿಷಿದ್ಧವಾಯಿತು. ಎಷ್ಟು ವರ್ಷ ದುಡಿದೆ ಎಂಬುದರ ಜೊತೆಗೆ ಯಾರಿಗೆ ದುಡಿದೆ ಎಂಬ ಪ್ರಶ್ನೆಯೂ ಉಳಿಯುತ್ತದೆ, ನೋಡಿ.

ನಮ್ಮ ಶ್ರೀರಂಗಪಟ್ಟಣಕ್ಕೆ ಈ ಪ್ರಶ್ನೆ ಹೊಸದಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನಲ್ಲಿ ಪದಕ ಹೊಡೆಸಿತು. ಒಂದು ಮುಖದಲ್ಲಿ ಟಿಪ್ಪುವಿನ ಹುಲಿಯನ್ನು ಕೆಡವಿದ ಬ್ರಿಟಿಷ್ ಸಿಂಹ, ಇನ್ನೊಂದರಲ್ಲಿ ಕೋಟೆಗೆ ಲಗ್ಗೆ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಕಂಚು; ಸಾಮಾನ್ಯ ಸಿಪಾಯಿಗೆ ತವರ. ಆ ತವರ ಪಡೆದವರಲ್ಲಿ ಈ ದೇಶದವರೂ ಇದ್ದರು.

ಊರು ಕಾಯುತ್ತಿದ್ದವರ ಕಥೆಯೇ ಬೇರೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲವೂ ಸೇರಿ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಳವಾರ, ತೋಟಿ, ನೀರಗಂಟಿಗಳಿದ್ದರು. ತಳವಾರ ಊರು ಕಾದ, ತೋಟಿ ಬೆಳೆ ಕಾದ, ನೀರಗಂಟಿ ಕೆರೆಯ ನೀರು ಕಾದ. ಅವರ ಸೇವೆಯನ್ನು ವರ್ಷಗಳಲ್ಲಿ ಅಲ್ಲ, ತಲೆಮಾರುಗಳಲ್ಲಿ ಎಣಿಸಬೇಕು. ಪದಕವಿಲ್ಲ, ಇನಾಮು ಜಮೀನು, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಆಯ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯ ಚಾಕರಿ ಕೊನೆಗೊಂಡಿತು. ಇನಾಮು ಜಮೀನನ್ನು ಹುದ್ದೆದಾರರಿಗೇ ಮರುಮಂಜೂರು ಮಾಡಲು ಕಾಯ್ದೆ ಅವಕಾಶ ಕೊಟ್ಟಿತು. ಆ ಮಂಜೂರಾತಿ ಕಾಗದವೇ ಅವರ ಪಾಲಿನ ಪದಕ ಎನ್ನಬೇಕು.

ಇಂದಿನ ಪೊಲೀಸರಿಗೆ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರಪತಿ ಪದಕದ ಪರಂಪರೆ ಇದೆ. ರಾಜ್ಯದಲ್ಲಿ ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಕೊಡುವ ಮುಖ್ಯಮಂತ್ರಿ ಪದಕವೂ ಇದೆ. ಸಂತೋಷ. ಆದರೆ ಇವುಗಳಿಗೆ ವರ್ಷಗಳ ಲೆಕ್ಕವೊಂದೇ ಸಾಲದು, ಆಯ್ಕೆಯಾಗಬೇಕು, ಸಂಖ್ಯೆಯೂ ಮಿತ. ಹೀಗಾಗಿ ಹಬ್ಬ ಹರಿದಿನವೆನ್ನದೆ ಬಂದೋಬಸ್ತಿಗೆ ನಿಂತು, ಕಪ್ಪುಚುಕ್ಕೆಯಿಲ್ಲದೆ ದುಡಿದ ಎಷ್ಟೋ ಮಂದಿ ಪೇದೆಗಳು ಬರಿದಾದ ಎದೆಯಲ್ಲೇ ನಿವೃತ್ತರಾಗುತ್ತಾರೆ.

ಕಳಂಕವಿಲ್ಲದ ಇಪ್ಪತ್ತೈದು ವರ್ಷಕ್ಕೆ ಅರ್ಜಿ, ಶಿಫಾರಸು ಯಾವುದೂ ಬೇಡದ ಒಂದು ಬಿಲ್ಲೆ ಕೊಟ್ಟರೆ ಬೊಕ್ಕಸವೇನೂ ಬರಿದಾಗದು. ಲೋಹ ಯಾವುದಾದರೂ ಇರಲಿ, ಪೇದೆಗೂ ಸಾಹೇಬರಿಗೂ ಒಂದೇ ಆಗಿರಲಿ.