ಮಕ್ಕಳನ್ನ ಬಂಡೆ ಮೇಲೆ ಎತ್ತಿ ಕೂರಿಸಬೇಡಿ

ಕುಣಿಗಲ್ ಅಂದ ತಕ್ಷಣ ಎಲ್ಲರೂ ಕೆರೆ ಹಾಡು ಗುನುಗ್ತಾರೆ. ಊರಿನ ಹೆಸರಲ್ಲೇ ಇರೋ ಕಲ್ಲನ್ನ ಮಾತ್ರ ಯಾರೂ ಕೇಳಲ್ಲ :) ತಾಲ್ಲೂಕಿನ ತುಂಬ ಬಂಡೆಗಳೇ. ಅದರಲ್ಲೂ ಹುತ್ರಿದುರ್ಗ ಅಂದ್ರೆ ಕೆಂಪೇಗೌಡರ ಕೋಟೆ, ಮೇಲೆ ಶಂಕರೇಶ್ವರನ ಗುಡಿ, 1791ರ ಕೊನೆಗೆ ಸಾವನದುರ್ಗದ ಬೆನ್ನಲ್ಲೇ ಬ್ರಿಟಿಷರ ಕೈಗೆ ಹೋಗಿದ್ದು... ಇದೆಲ್ಲ ಚಾರಣದವರು ಸಾಕಷ್ಟು ಬರೆದಿದ್ದಾರೆ, ಬಿಡಿ. ನಾನು ಹೇಳಹೊರಟಿದ್ದು ಬೆಟ್ಟದ ತುದಿ ಬಗ್ಗೆ ಅಲ್ಲ. ಬುಡದಲ್ಲಿ ಬಿದ್ದಿರೋ ಆಳೆತ್ತರದ ಗುಂಡುಗಳ ಬಗ್ಗೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮಗಳನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಎಂಟು ವರ್ಷ. ಬೆಂಗಳೂರಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕಟ್ಟಿ ಪ್ಲಾಸ್ಟಿಕ್ ಹಿಡಿಕೆಗಳ ಗೋಡೆ ಹತ್ತಿದ್ದಾಳೆ. ಇದಕ್ಕೆ ಬೌಲ್ಡರಿಂಗ್ ಅಂತಾರೆ. ಹಗ್ಗ ಇಲ್ಲ, ಎತ್ತರ ಕಮ್ಮಿ, ಕೆಳಗೆ ದಪ್ಪ ಮ್ಯಾಟು. ಬಯಲಲ್ಲಾದ್ರೆ ಜೊತೆಗೆ, ಬಿದ್ದಾಗ ತಲೆ-ಬೆನ್ನು ನೆಲಕ್ಕೆ ಬಡಿಯದಂಗೆ ಕೈ ಚಾಚ್ಕೊಂಡು ನಿಲ್ಲೋಕೆ ಒಬ್ಬರು. ಹಂಪಿಗೆ ಹೊರದೇಶದವರು ಇದಕ್ಕಂತಲೇ ಬರ್ತಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮೊದಲ ಸಲ ಹತ್ತುವ ಆಟಕ್ಕೆ ಪದಕ ಕೊಟ್ಟಾಗ ಇದೂ ಅದರ ಭಾಗವಾಗಿತ್ತು. ನಮ್ಮಲ್ಲಿ ಮಾತ್ರ ಬಂಡೆ ಅಂದ್ರೆ ಜಲ್ಲಿ, ಸೈಜುಗಲ್ಲು, ಚಪ್ಪಡಿ, ಇಲ್ಲಾಂದ್ರೆ ಸೆಲ್ಫಿ.

ನಾನು ಮಾಡಿದ್ದೂ ಅದೇ. ಒಂದು ಗುಂಡನ್ನ ಅವಳು ಎರಡು ಸಲ ಹತ್ತೋಕೆ ನೋಡಿದ್ಲು, ಆಗ್ಲಿಲ್ಲ. ಬೆಳಕು ಚೆನ್ನಾಗಿತ್ತು, ಫೋಟೋ ಬರುತ್ತೆ ಅಂತ ಕಂಕುಳಿಗೆ ಕೈ ಹಾಕಿ ಎತ್ತಿ ಮೇಲೆ ಕೂರಿಸ್ಬಿಟ್ಟೆ. ಹಿಂದೆ ಸರಿದು ಮೊಬೈಲ್ ಎತ್ತೋ ಅಷ್ಟರಲ್ಲಿ ಅವಳು ಎದ್ದು ನಿಂತು ನನ್ನ ಕೈಗೆ ಸಿಗದಷ್ಟು ಆಚೆ ಹೋಗಿದ್ಲು. ಆ ಬದಿ ಇಳಿಜಾರು, ಕೆಳಗೆ ಚೂಪುಕಲ್ಲು. ನೋಡಿದವಳೇ ಕಾಲು ನಡುಗಿ ಕೂತ್ಕೊಂಡ್ಲು. "ಮಾಮ" ಅಂತ ಒಂದೇ ಸಲ ಕೂಗಿದ್ದು. ಆ ದನಿ ಇನ್ನೂ ಕಿವಿಯಲ್ಲಿದೆ. ನಾನೋ, ಬೂಟು ಹಾಕ್ಕೊಂಡು ಹತ್ತೋಕೆ ಹೋಗಿ ಮೊಣಕೈ ತರಚ್ಕೊಂಡೆ.

ಕುರಿ ಮೇಯಿಸ್ಕೊಂಡಿದ್ದ ಹುಡುಗ ಒಬ್ಬ ಬಂದ. ಹನ್ನೆರಡೋ ಹದಿಮೂರೋ ಇರಬಹುದು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಾಲ್ಕು ಹೆಜ್ಜೆಗೆ ಮೇಲಿದ್ದ. ಅವಳನ್ನ ಎತ್ಕೊಳ್ಳಲಿಲ್ಲ. "ಕೂತ್ಕಂಡೇ ಈ ಕಡಿಕ್ ಜರುಗು. ಈಗ ತಿರಿಕ್ಕೊ, ಕಲ್ಲಿಗೆ ಮಖ ಮಾಡು. ಒಂದ್ ಕಾಲು ಇಕ್ಕು. ಅದು ನಿಂತಾದ್ಮೇಲೆ ಇನ್ನೊಂದು" ಅಂತ ಹೇಳ್ತಾ ತಾನು ಅವಳ ಕೆಳಗೆ ಒಂದು ಹೆಜ್ಜೆ ಮುಂಚೆ ಇಳೀತಾ ಬಂದ. ಆಮೇಲೆ ನನಗೊಂದು ಕೊಟ್ಟ: "ನೀನು ಎತ್ತಿಕ್ಕಿದ್ಕೇ ಕಣಣ್ಣ ಹಿಂಗಾಗಿದ್ದು. ಅವ್ಳೇ ಹತ್ತಿದ್ರೆ ಅವ್ಳೇ ಇಳ್ಯೋಳು."

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಹತ್ತುವಾಗ ಕೈ ಕಾಲು ಎಲ್ಲಿಟ್ಟೆ ಅನ್ನೋ ಲೆಕ್ಕ ಮೈಗೆ ಗೊತ್ತಿರುತ್ತೆ. ಎತ್ತಿ ಕೂರಿಸಿದ ಮಗುವಿಗೆ ಆ ಲೆಕ್ಕವೇ ಇಲ್ಲ. "ಬೀಳ್ತೀಯ, ಇಳಿ" ಅಂತ ಬುಡದಲ್ಲೇ ತಡೆಯೋರನ್ನ ನಾನು ತುಂಬ ಆಡ್ಕೋತಿದ್ದೆ. ನಿಜ ಹೇಳ್ಬೇಕಂದ್ರೆ ಅವರಿಗಿಂತ ನನ್ನಂಥವರೇ ಅಪಾಯ. ಅವರು ಬರೀ ಆಟ ತಪ್ಪಿಸ್ತಾರೆ, ನಾವು ಮೇಲೆ ಬಿಟ್ಟು ಫೋಟೋ ತೆಗೀತೀವಿ.

ಆಮೇಲೆ ಒಂದು ಗಂಟೆ ಅವನೇ ಮೇಷ್ಟ್ರು. ಮಳೆನೀರು ಹರಿದು ಕಪ್ಪಾದ ಪಟ್ಟೆ ಮೇಲೆ ಕಾಲಿಡಬೇಡ, ಒದ್ದೆ ಇದ್ರೆ ಜಾರುತ್ತೆ. ಕೈ ಹಾಕೋಕೆ ಮುಂಚೆ ಸಂದಿ ನೋಡು, ಚೇಳಿರುತ್ತೆ. ಹೆಜ್ಜೇನು ಕಟ್ಟಿರೋ ಬಂಡೆ ಹತ್ರ ಗಲಾಟೆ ಮಾಡ್ಬೇಡ. ನಾನು ಸೇರಿಸಿದ್ದು ಒಂದೇ: ಅವಳ ಸೊಂಟ ನನ್ನ ಕೈಗೆ ಎಟಕೋವರೆಗೆ ಮಾತ್ರ ಎತ್ತರ. ಬಿಸಿಲು, ಮಳೆ, ಚಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿ ದುಂಡಗಾದ ಕಲ್ಲುಗಳು ಇವು. ಹಿಡಿಯೋಕೆ ಅಂಚೇ ಇರಲ್ಲ, ಅಂಗಾಲನ್ನೇ ನಂಬಬೇಕು. ಪ್ಲಾಸ್ಟಿಕ್ ಹಿಡಿಕೆಯ ಹುಡುಗಿಗೆ ಇದು ಅರ್ಥ ಆಗೋಕೆ ಸುಮಾರು ಹೊತ್ತು ಹಿಡೀತು.

ಕೊನೆಗೆ ಆ ಮೊದಲನೇ ಗುಂಡಿನ ಹತ್ರ ಹೋದ್ಲು. ಬರಿಗಾಲು. ಅರ್ಧಕ್ಕೆ ಹೋಗಿ ನಿಂತು, ಕೆಳಗೆ ನೋಡಿ, ಕಲ್ಲಿಗೆ ಮುಖ ಮಾಡ್ಕೊಂಡು ತಾನೇ ಇಳಿದು ಬಂದ್ಲು. "ಇವತ್ತು ಇಷ್ಟೇ ಮಾಮ" ಅಂದ್ಲು.

ಅಕ್ಕನಿಗೆ ಇನ್ನೂ ಪೂರ್ತಿ ಹೇಳಿಲ್ಲ. ನನ್ನ ಮೊಣಕೈ ಕೇಳಿದ್ದಕ್ಕೆ ಬೈಕ್ ಸ್ಟ್ಯಾಂಡ್ ತಗುಲ್ತು ಅಂದಿದ್ದೀನಿ :)